ಹೌದು, ಮಕ್ಕಳ ಕೈಗೆ ದಾಳ ಕೊಟ್ಟದ್ದು ನಾನೇ

“ಮಿಸ್, ಮಕ್ಕಳಿಗೆ ಜೂಜು ಕಲಿಸ್ತಿದ್ದೀರಂತೆ, ಹೌದಾ?”

ಕೇಳಿದವರು ನನ್ನ ಎರಡನೇ ತರಗತಿಯ ಹುಡುಗಿಯೊಬ್ಬಳ ತಂದೆ. ಶನಿವಾರದ ಬೆಳಗಿನ ಶಾಲೆ ಮುಗಿಸಿ ಚಳ್ಳಕೆರೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ನನ್ನ ಚೀಲದಲ್ಲಿ ಒಂದು ಹಳೆಯ ಡಬ್ಬಿ, ಡಬ್ಬಿಯೊಳಗೆ ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳು. ಸಾಕ್ಷಿ ಸಮೇತ ಸಿಕ್ಕಿಬಿದ್ದಂತಾಯಿತು. “ಜೂಜಲ್ಲಪ್ಪ, ಕತೆಯಾಟ” ಅಂದೆ. “ಬೀಜ ಹಾಕಿ ಗೆಲ್ಲೋದು ಸೋಲೋದು ಅಂದ್ರೆ ಜೂಜೇ ಅಲ್ವಾ? ಧರ್ಮರಾಯನ ಗತಿ ಏನಾಯ್ತು?” ಅಂದರು. ಅಷ್ಟರಲ್ಲಿ ಬಸ್ ಬಂತು.

ಅವರೊಬ್ಬರೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದೇ ಆಕ್ಷೇಪ ಬೇರೆ ಬೇರೆ ವೇಷ ಹಾಕಿಕೊಂಡು ಸ್ಟಾಫ್ ರೂಮಿನಲ್ಲಿ, ನೆಂಟರ ಮನೆಯಲ್ಲಿ, ಸಾಹಿತ್ಯ ಓದಿಕೊಂಡ ಗೆಳೆಯರ ಬಾಯಲ್ಲಿ ಬರುತ್ತಲೇ ಇದೆ. ಹಾಗಾಗಿ ಒಂದು ಸಲ ಎಲ್ಲರಿಗೂ ಸೇರಿಸಿ ಉತ್ತರ ಹೇಳಿಬಿಡುತ್ತೇನೆ. ಆರು, ಏಳು, ಎಂಟು ವರ್ಷದ ಮಕ್ಕಳಿಗೆ ಈ ಆಟ ಆಡಿಸಬೇಕು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನಂಥ ಕಡೆ ಖಂಡಿತ ಆಡಿಸಬೇಕು. ದೊಡ್ಡವರಾಗಲಿ ಆಮೇಲೆ ನೋಡೋಣ ಅಂದರೆ ತಡವಾಗುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲಿಷಿನವರು ಇದನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುವವರು, ಉಳಿದವರು ತಲಾ ಒಂದು ಪಾತ್ರ. “ಹಳ್ಳಕ್ಕೆ ನೀರು ಬಂದಿದೆ, ಕರು ಆಚೆ ದಡದಲ್ಲಿ ನಿಂತು ಕೂಗ್ತಿದೆ” ಎಂದು ಹೇಳಿ ಕತೆ ನಡೆಸುವವರು ನಿಲ್ಲಿಸುತ್ತಾರೆ. ಆಮೇಲೆ ಕೇಳುತ್ತಾರೆ: “ಈಗ ನೀನೇನು ಮಾಡ್ತೀಯ?” ಒಬ್ಬ ಈಜುತ್ತೇನೆ ಅನ್ನುತ್ತಾನೆ, ಇನ್ನೊಬ್ಬಳು ಹಗ್ಗ ತರುತ್ತೇನೆ ಅನ್ನುತ್ತಾಳೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಅಲ್ಲಿಂದ ಕತೆ ಮುಂದಕ್ಕೆ. ಇದರಲ್ಲಿ ಗೆದ್ದವರು ಸೋತವರು ಎಂದು ಕೊನೆಗೆ ಯಾರೂ ಇರುವುದಿಲ್ಲ. ಪಣ ಇಲ್ಲ, ಎದುರಾಳಿ ಇಲ್ಲ. ಇರುವುದು ಎಲ್ಲರೂ ಸೇರಿ ಕಟ್ಟಿದ ಒಂದು ಕತೆ.

ಇದರ ಮೂಲ ಅಷ್ಟೇನೂ ಸಾಧುವಾದುದಲ್ಲ, ಅದನ್ನು ಮುಚ್ಚಿಡುವುದಿಲ್ಲ. 1824ರಲ್ಲಿ ಪ್ರಷ್ಯಾದ ಸೇನೆಯ ಅಧಿಕಾರಿಗಳಿಗೆ ಯುದ್ಧ ಕಲಿಸಲು ರೈಸ್‌ವಿಟ್ಜ್ ಎಂಬ ಅಧಿಕಾರಿ ಸಿದ್ಧಪಡಿಸಿದ ನಕ್ಷೆಯಾಟ ಇದರ ಅಜ್ಜ. ಅಂಥ ಯುದ್ಧದಾಟಗಳನ್ನು ಆಡುತ್ತಿದ್ದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದ ಇಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಚ್ಚು ಹಾಕಿಸಿದರು, ಮೊದಲ ಕಂತು 1000 ಪ್ರತಿ. 1980ರ ದಶಕದಲ್ಲಿ ಅಲ್ಲಿಯ ತಂದೆತಾಯಂದಿರೂ ಬೆಚ್ಚಿಬಿದ್ದರು. ಸೈತಾನನ ಪೂಜೆ ಅಂದರು, ಮಕ್ಕಳು ಪ್ರಾಣ ಕಳೆದುಕೊಳ್ಳುತ್ತಾರೆ ಅಂದರು. ಆ ಗಲಾಟೆಗೆ ಹೆದರಿದ ಪ್ರಕಾಶಕರು 1989ರ ಎರಡನೇ ಆವೃತ್ತಿಯಲ್ಲಿ ದೆವ್ವ ಪಿಶಾಚಿಗಳನ್ನೇ ಕೈಬಿಟ್ಟರು. ಆ ಭಯದಲ್ಲಿ ಹುರುಳಿಲ್ಲ ಎಂದು ಆಮೇಲೆ ಎಲ್ಲರಿಗೂ ತಿಳಿಯಿತು. ಅವರಿಗೆ ಸೈತಾನ ಕಂಡ, ನಮಗೆ ಶಕುನಿ ಕಂಡಿದ್ದಾನೆ. ವ್ಯತ್ಯಾಸ ಅಷ್ಟೇ.

ಶಕುನಿಯ ವಿಚಾರವನ್ನು ಇಲ್ಲೇ ಮುಗಿಸುತ್ತೇನೆ. ಪಣವಿಟ್ಟರೆ ಜೂಜು, ಇಡದಿದ್ದರೆ ಆಟ. ಚೌಕಾಬಾರ ಆಡದ ಮನೆ ನಮ್ಮ ಕಡೆ ಯಾವುದಿದೆ? ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾನೂನು ಮಾಡುವ ತನಕ ರಮ್ಮಿಯ ಜಾಹೀರಾತು ಮನೆಮನೆಯ ಮೊಬೈಲಿನಲ್ಲಿ ಕುಣಿಯುತ್ತಿತ್ತು. ಆಗ ಧರ್ಮರಾಯ ಯಾರಿಗೂ ನೆನಪಾಗಲಿಲ್ಲ. ನಾಲ್ಕು ಹುಣಸೆ ಬೀಜ ಕಂಡ ಕೂಡಲೇ ನೆನಪಾದ.

ಎರಡನೇ ಆಕ್ಷೇಪ ನನ್ನ ಸಹೋದ್ಯೋಗಿಗಳದು. “ಮಗ್ಗಿ ಬರಲ್ಲ, ಒತ್ತಕ್ಷರ ಬರಲ್ಲ, ಇದಕ್ಕೆಲ್ಲ ಟೈಮ್ ಎಲ್ಲಿದೆ?” ನ್ಯಾಯವಾದ ಪ್ರಶ್ನೆ. ನಾನು ಕಲಿಸುವುದು ಒಂದರಿಂದ ಮೂರನೇ ತರಗತಿ, ಅಂದರೆ ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿ ಸರ್ಕಾರಿ ಶಾಲೆಯ ಕೋಣೆಗೆ ಆಟವನ್ನು ತಂದಿತು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಕಾರ್ಡಿನ ಹಿಂದೆ ಇರುವುದು ಒಂದೇ ಸರಿಯುತ್ತರ. ಆ ಉತ್ತರ ಹೊಳೆಯದಾಗ ಮಗು ಏನು ಮಾಡುತ್ತದೆ ಗೊತ್ತೆ? ನನ್ನ ಮುಖ ನೋಡುತ್ತದೆ. ನನ್ನ ಹುಬ್ಬು ಮೇಲೆ ಹೋದರೆ ಉತ್ತರ ಬದಲಿಸುತ್ತದೆ, ತುಟಿ ಅರಳಿದರೆ ಅಲ್ಲೇ ನಿಲ್ಲಿಸುತ್ತದೆ. ಹತ್ತು ವರ್ಷವಾಗುವ ಹೊತ್ತಿಗೆ ನಮ್ಮ ಮಕ್ಕಳು ಮುಖ ಓದುವುದರಲ್ಲಿ ಪಂಡಿತರಾಗಿರುತ್ತಾರೆ. ಕತೆಯಾಟದಲ್ಲಿ ಈ ವಿದ್ಯೆ ನಡೆಯುವುದಿಲ್ಲ, ಯಾಕೆಂದರೆ ಕರುವನ್ನು ಹೇಗೆ ದಾಟಿಸುವುದು ಎಂಬುದು ನನಗೂ ಗೊತ್ತಿರುವುದಿಲ್ಲ. ಈ ಆಟವನ್ನು ಎಂಟು ವರ್ಷದೊಳಗೆ ಶುರುಮಾಡಬೇಕು ಎಂದು ನಾನು ಹಟ ಹಿಡಿಯುವುದು ಈ ಒಂದೇ ಕಾರಣಕ್ಕೆ.

ಮಗ್ಗಿಯ ಮಾತು ಬಂತಲ್ಲ, ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ದಾಳವೆಂದರೆ ನಾಲ್ಕು ಬೀಜ. ಎರಡೋ ಅದಕ್ಕಿಂತ ಹೆಚ್ಚೋ ಬಿಳಿ ಬಿದ್ದರೆ ಅಂದುಕೊಂಡದ್ದು ಆಯಿತು. ಎರಡೂ ಮಗ್ಗುಲು ಸಮನಾಗಿ ಬೀಳುವ ಬೀಜವಾದರೆ 16 ಸಲದಲ್ಲಿ 11 ಸಲ ಹಾಗೆ ಬೀಳಬೇಕು. ತನ್ನ ಪಾತ್ರಕ್ಕೆ ಚೆನ್ನಾಗಿ ಬರುವ ಕೆಲಸವಾದರೆ, ಅಂದರೆ ಮರ ಹತ್ತುವವಳು ಮರ ಹತ್ತುವಾಗ, ಒಂದು ಬೀಜ ಹೆಚ್ಚು. ಆಗ 16ಕ್ಕೆ 13. ಇದನ್ನು ನಾನು ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಒಂದು ತಿಂಗಳಾದ ಮೇಲೆ ಮೂರನೇ ತರಗತಿಯ ಹುಡುಗನೊಬ್ಬ, “ಮಿಸ್, ಆ ಡೊಂಕು ಬೀಜ ಸುಳ್ಳು ಹೇಳ್ತೈತೆ, ಯಾವಾಗ್ಲೂ ಕಪ್ಪೇ ಬೀಳ್ತೈತೆ” ಅಂದ. ಇಪ್ಪತ್ತು ಸಲ ಹಾಕಿ ಗೀಟು ಎಳೆದು ತೋರಿಸಿದ. ಸಂಭವನೀಯತೆಯ ಪಾಠ ಅವನಿಗೆ ಹೈಸ್ಕೂಲಿನಲ್ಲಿ ಬರುತ್ತದೆ. ಅದು ಬಂದಾಗ ತನ್ನ ಹಳೆಯ ಪರಿಚಯದವನೇ ಎದುರಾದಂತೆ ಅವನಿಗೆ ಅನ್ನಿಸಲಿ.

ಮೂರನೇ ಆಕ್ಷೇಪ ಸಂಸ್ಕೃತಿಯ ಕಾಳಜಿಯುಳ್ಳವರದು. ನಮ್ಮ ಕತೆಗಳು ಸಾಲದೆ? ಜುಂಜಪ್ಪನನ್ನು ಬಿಟ್ಟು ಡ್ರ್ಯಾಗನ್ ಯಾಕೆ? ಡ್ರ್ಯಾಗನ್ ನಮ್ಮ ಆಟದಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಇರುವುದು ಕರಡಿ. ಮೊಳಕಾಲ್ಮೂರು ಕಡೆಯ ಗುಡ್ಡಗಳ ಬುಡದಲ್ಲಿ ಹುಟ್ಟಿದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಡ್ರ್ಯಾಗನ್ ಬೇಕಿಲ್ಲ. ಇನ್ನು ಜುಂಜಪ್ಪನ ವಿಚಾರ. ಗಣೆಯೂದಿ ಅವನ ಕಾವ್ಯ ಹಾಡುವವರು ಪ್ರತಿ ರಾತ್ರಿಯೂ ಅದದೇ ಸಾಲುಗಳನ್ನು ಒಪ್ಪಿಸುತ್ತಾರೆಂದು ಯಾರಾದರೂ ತಿಳಿದಿದ್ದರೆ ಅವರು ಕೇಳಿಲ್ಲ ಎಂದೇ ಅರ್ಥ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿ ಅಕ್ಷರ ಬಾರದೆಯೇ ಸಾವಿರಾರು ಪದಗಳನ್ನು ಎದೆಯಲ್ಲಿಟ್ಟುಕೊಂಡು ಬದುಕಿದ ಸಿರಿಯಜ್ಜಿ ಟೇಪ್ ರೆಕಾರ್ಡರ್ ಆಗಿರಲಿಲ್ಲ. ಹಾಡುವವರು ಕೇಳುವವರನ್ನು ನೋಡಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಕತೆ ಹೇಳುವಾಗ ಹೂಂಗುಟ್ಟಲು ಒಬ್ಬರು ಬೇಕು ಅನ್ನುವುದು ನಮ್ಮ ಹಳೆಯ ಪದ್ಧತಿಯೇ. ಹೂಂಗುಟ್ಟುವವರಿಗೆ ಒಂದು ಹೆಜ್ಜೆ ಮುಂದಿಡಲು ಬಿಡಿ, “ಆಮೇಲೆ ನೀನೇನು ಮಾಡಿದೆ” ಎಂದು ಕೇಳಿ. ಅದೇ ಈ ಆಟ. ಪರಂಪರೆಯನ್ನು ಕಟ್ಟು ಹಾಕಿಸಿದ ಫೋಟೋ ಮಾಡಿ ಗೋಡೆಗೆ ತೂಗುಹಾಕಿ ಮಕ್ಕಳಿಂದ ಕೈಮುಗಿಸುವವರು ಪರಂಪರೆಯ ಮಾತಾಡಬಾರದು.

ನಾಲ್ಕನೆಯವರು ಆಕ್ಷೇಪಿಸುವವರಲ್ಲ, ಹೊಗಳುವವರು. ಅವರನ್ನು ಕಂಡರೆ ನನಗೆ ಇನ್ನೂ ಭಯ. ಬೆಂಗಳೂರಿನ ನೆಂಟರೊಬ್ಬರು ಸಾವಿರಾರು ರೂಪಾಯಿ ಕೊಟ್ಟು ಮಗನನ್ನು ಬೇಸಿಗೆ ಶಿಬಿರಕ್ಕೆ ಕಳಿಸಿದ್ದರು. ಅಲ್ಲಿ ಈ ಆಟದಿಂದ ಲೀಡರ್‌ಶಿಪ್ ಬರುತ್ತದಂತೆ, ಕಮ್ಯುನಿಕೇಷನ್ ಬರುತ್ತದಂತೆ. ಶಿಬಿರ ಮುಗಿದ ಮೇಲೆ ಸರ್ಟಿಫಿಕೇಟ್. ಮಕ್ಕಳು ಮಣ್ಣಿನಲ್ಲಿ ಅಡುಗೆಯಾಟ ಆಡಿದರೆ ಯಾವ ಸ್ಕಿಲ್ ಬಂತು ಎಂದು ನಾವು ಕೇಳಿದ್ದೇವೆಯೆ? ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಆಟದ ಬಗ್ಗೆ ಬರೆಯುತ್ತಾ ಇಬ್ಬರು ಅಕ್ಕತಂಗಿಯರ ಉದಾಹರಣೆ ಕೊಡುತ್ತಾನೆ. ಅವರಿಬ್ಬರೂ ಆಡುವ ಆಟ ‘ಅಕ್ಕತಂಗಿ ಆಟ’! ದಿನವೂ ಯೋಚಿಸದೆ ಹೇಗೋ ಇದ್ದವರು ಆಟದಲ್ಲಿ ಅಕ್ಕ ಅಂದರೆ ಹೇಗಿರಬೇಕು, ತಂಗಿ ಅಂದರೆ ಹೇಗಿರಬೇಕು ಎಂದು ಯೋಚಿಸಿ ನಡೆದುಕೊಳ್ಳುತ್ತಾರೆ. ಬದುಕಿನಲ್ಲಿ ಕಾಣದೆ ಹೋಗುವ ನಿಯಮ ಆಟದಲ್ಲಿ ಕಣ್ಣಿಗೆ ಬೀಳುತ್ತದೆ ಎನ್ನುವುದು ಅವನ ಮಾತಿನ ಸಾರ. ಅದರ ಸತ್ಯ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಬೇವಿನ ಮರದ ಕೆಳಗೆ.

ಮೊಳಕಾಲ್ಮೂರು ನನ್ನ ತವರು. ದಸರಾ ರಜೆಯಲ್ಲಿ ಹೋದಾಗ ನಮ್ಮ ಓಣಿಯ ನೇಕಾರರ ಮಕ್ಕಳನ್ನು ಕೂರಿಸಿಕೊಂಡೆ. ಅವರ ಪಾತ್ರಗಳು ರೇಷ್ಮೆ ಸೀರೆಯೊಂದನ್ನು ದೂರದ ಊರಿಗೆ ಮುಟ್ಟಿಸಬೇಕಿತ್ತು. ದಾರಿಯಲ್ಲಿ ಕರಡಿ ಬಂತು, ಕನ್ನಡದಲ್ಲಿ ಆಡುತ್ತಿದ್ದವರು ಹೆದರಿದ ಕೂಡಲೇ ಮನೆಮಾತು ತೆಲುಗಿಗೆ ಜಾರಿ “ಎಲುಗುಬಂಟಿ, ಎಲುಗುಬಂಟಿ” ಎಂದು ಕಿರುಚಿದರು. ಹೇಗೋ ದಾಟಿದರು. ಸಾಹುಕಾರನ ಪಾತ್ರ ವಹಿಸಿದ ಏಳು ವರ್ಷದ ಹುಡುಗ ಸೀರೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇಲ್ಲಿ ಎಳೆ ತಪ್ಪೈತೆ. ದುಡ್ಡು ಮುಂದಿನ ವಾರ ಬಾ” ಅಂದ. ಅವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಪಡಸಾಲೆಯಲ್ಲಿ ಕೂತು ಕೇಳಿಸಿಕೊಂಡದ್ದು. ಸೀರೆ ತಂದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಸೀರೇನೂ ಮುಂದಿನ ವಾರವೇ ಕೊಡ್ತೀನಿ” ಎಂದು ಮಡಚಿ ಎತ್ತಿಕೊಂಡಳು. ಗೋಡೆಯಾಚೆ ಮಗ್ಗದ ಸದ್ದು ಒಂದು ಗಳಿಗೆ ನಿಂತಿತು. ಅವರಪ್ಪ ಕೇಳಿಸಿಕೊಳ್ಳುತ್ತಿದ್ದರು.

ಚಳ್ಳಕೆರೆ ಕಡೆಯ ನನ್ನ ಶಾಲೆಯಲ್ಲಿ ಇನ್ನೊಂದು ನಡೆಯಿತು. ಮಕ್ಕಳ ಪಾತ್ರಗಳು ನಾಯಕನಹಟ್ಟಿ ಜಾತ್ರೆಗೆ ಹೊರಟಿದ್ದವು. ನಾನು ಸೀಮೆಸುಣ್ಣದಲ್ಲಿ ನಕ್ಷೆ ಬರೆದೆ: ಊರು, ಹಳ್ಳ, ಆಮೇಲೆ ವಿಶಾಲವಾದ ಕಾವಲು. ನಾನು ಚಿಕ್ಕವಳಿದ್ದಾಗ ಕಂಡ ಅಮೃತಮಹಲ್ ಕಾವಲು ಅದು, ಹುಲ್ಲು, ದನ, ಕೃಷ್ಣಮೃಗ. ಒಬ್ಬ ಹುಡುಗ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಅಡ್ಡ ಗೀಟು ಎಳೆದ. “ಇಲ್ಲಿ ಕಾಂಪೌಂಡ್ ಐತೆ ಮಿಸ್. ಹೋಗಂಗಿಲ್ಲ.” ಖುದಾಪುರದ ಸುತ್ತ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ, ಜೊತೆಗೆ ಅಣುಶಕ್ತಿ, ರಕ್ಷಣೆ, ಬಾಹ್ಯಾಕಾಶದ ಸಂಸ್ಥೆಗಳಿಗೆ ಸಾವಿರಾರು ಎಕರೆ ಕಾವಲು ಹೋಗಿ ವರ್ಷಗಳೇ ಆದವು. ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಈ ಮಕ್ಕಳು ಹುಟ್ಟುವ ಮೊದಲೇ ಗೋಡೆ ಎದ್ದಿತ್ತು. “ಸರಿ, ಗೋಡೆ ಇದೆ. ಈಗ ಏನು ಮಾಡ್ತೀರಿ?” ಒಬ್ಬಳು ಸುತ್ತಿಕೊಂಡು ಹೋಗೋಣ ಅಂದಳು, ಮೂರು ದಿನ ಆದರೂ ಆಗಲಿ. ಒಬ್ಬ ವಾಚ್‌ಮನ್‌ಗೆ ಕಡಲೆಕಾಯಿ ಕೊಡುತ್ತೇನೆ ಅಂದ. ಇನ್ನೊಬ್ಬಳು, “ನಾನು ಓದಿ ಸೈಂಟಿಸ್ಟ್ ಆಗಿ ಒಳಗೆ ಹೋಗಿ ಗೇಟ್ ತೆಗೀತೀನಿ” ಅಂದಳು. ಕಾವಲಿನಲ್ಲಿ ಕುರಿ ದನ ಮೇಯಿಸುತ್ತಿದ್ದ ಅವರ ತಾತಂದಿರಿಗೆ “ಈಗ ನೀವೇನು ಮಾಡ್ತೀರಿ” ಎಂದು ಯಾರಾದರೂ ಮುಂಚಿತವಾಗಿ ಕೇಳಿದ್ದರೆ? ವಿಜ್ಞಾನ ಬೇಕೋ ಹುಲ್ಲು ಬೇಕೋ ಎಂದು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಕೇಳಿಸಿಕೊಳ್ಳುವ ಅಭ್ಯಾಸವಿರುವ, ಕೇಳುವ ಅಭ್ಯಾಸವೂ ಇರುವ ಮಕ್ಕಳು ಬೇಕು ಎನ್ನುವುದು ಮಾತ್ರ ನನ್ನ ವಾದ.

ನನ್ನ ತಪ್ಪನ್ನೂ ಹೇಳದಿದ್ದರೆ ಇದು ಜಾಹೀರಾತಾಗುತ್ತದೆ. ಅದೇ ಪಯಣ, ಏಪ್ರಿಲ್ ಬಿಸಿಲು, ಪಾತ್ರಗಳಿಗೆಲ್ಲ ಬಾಯಾರಿಕೆ. “ಊರಾಚೆ ಒಂದು ಮನೆ ಕಾಣುತ್ತೆ” ಅಂದೆ, ಅಷ್ಟೇ ಅಂದದ್ದು. ಒಬ್ಬ ಹುಡುಗಿ ತಕ್ಷಣ, “ಅಲ್ಲಿ ನಮ್ಮೋರು ನೀರು ಕುಡಿಯಂಗಿಲ್ಲ ಮಿಸ್” ಅಂದಳು. ಯಾರ ಮನೆ ಎಂದು ನಾನು ಹೇಳಿರಲಿಲ್ಲ. ‘ಊರಾಚೆ’ ಅನ್ನುವ ಮೂರಕ್ಷರವೇ ಸಾಕಾಗಿತ್ತು. ಅಂಥದೇ ಮನೆಯಿಂದ ಬರುವ ಹುಡುಗ ಅದೇ ಚಾಪೆಯ ಮೇಲೆ ಅವಳ ಪಕ್ಕ ಕೂತಿದ್ದ. ಪರೀಕ್ಷೆಯಲ್ಲಿ ಕೇಳಿದ್ದರೆ ಅವಳು ‘ಎಲ್ಲರೂ ಸಮಾನರು’ ಎಂದು ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಿದ್ದಳು. ನಾನು ಏನು ಮಾಡಬೇಕಿತ್ತು? ಬೀಜ ಕೆಳಗಿಟ್ಟು, ಮನೆಯ ಬಾಗಿಲು ತೆರೆದು, ಒಳಗಿನವರನ್ನು ಮಾತಾಡಿಸಬೇಕಿತ್ತು. ಆದರೆ ಆಟ ನಿಲ್ಲಿಸಿ ಹತ್ತು ನಿಮಿಷ ಭಾಷಣ ಮಾಡಿದೆ, ಸಂವಿಧಾನ, ಅಂಬೇಡ್ಕರ್ ಎಲ್ಲ ಬಂದರು. ಮಕ್ಕಳು ಕೈಕಟ್ಟಿಕೊಂಡು “ಹೌದು ಮಿಸ್” ಎಂದು ರಾಗವಾಗಿ ಹೇಳಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆ ದಿನದ ಆಟ ಅಲ್ಲಿಗೆ ಸತ್ತಿತು.

ಮುಂದಿನ ಶನಿವಾರ ಆ ಹುಡುಗ “ನಾನು ಕರಡಿ ಆಗ್ತೀನಿ” ಅಂದ. ಅದರ ಮುಂದಿನ ವಾರವೂ ಕರಡಿ, ಮೂರನೇ ವಾರವೂ ಕರಡಿ. ಕರಡಿ ಯಾರ ಮನೆಯ ನೀರನ್ನೂ ಕೇಳಬೇಕಿಲ್ಲ. ನಾಲ್ಕನೇ ವಾರ ಮನುಷ್ಯನಾಗಿ ಬಂದ. ಯಾಕೆಂದು ನಾನು ಕೇಳಲಿಲ್ಲ. ಊರು ಬದಲಾಯಿತು ಎಂದು ನಿಮಗೆ ಹೇಳುವುದಿಲ್ಲ, ಬದಲಾಗಿಲ್ಲ. ಆದರೆ ಅವನಿಗೆ ಆದ ನೋವು ಏನೆಂದು ಆ ಮೂರು ವಾರದ ಕರಡಿ ನನಗೆ ಹೇಳಿತು. ನನ್ನ ಇಷ್ಟು ವರ್ಷದ ನೀತಿಪಾಠ ಹೇಳಿರಲಿಲ್ಲ. ಆಟ ಕೆಟ್ಟದ್ದನ್ನು ಕಲಿಸುತ್ತದೆ ಅನ್ನುವವರಿಗೆ ಇದೇ ನನ್ನ ಉತ್ತರ. ಕೆಟ್ಟದ್ದನ್ನು ಮಕ್ಕಳು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ಆಟದಲ್ಲಿ ಗಂಟು ಬಿಚ್ಚುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಶಾಲೆಯ ಮಕ್ಕಳನ್ನೆಲ್ಲ ಅಲ್ಲಿಗೆ ಕರೆದೊಯ್ದು ನಾವು ಹೆಮ್ಮೆಯಿಂದ ಹೇಳುವುದು ಒಂದೇ ಭಾಗವನ್ನು: ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಎರಡು ಸಾವಿರ ವರ್ಷ ದಾಟಿದ ಆ ಬಂಡೆಯ ಮೇಲೆ ಇನ್ನೊಂದು ಮಾತೂ ಇದೆ. ಪ್ರಯತ್ನದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ದೊಡ್ಡದನ್ನು ಮುಟ್ಟಬಹುದು ಎಂಬ ಅರ್ಥದ ಮಾತು. ಅಶೋಕ ಹೇಳಿದ ಸಣ್ಣವರು ವಯಸ್ಸಿನಲ್ಲಿ ಸಣ್ಣವರಲ್ಲ, ಅಂತಸ್ತಿನಲ್ಲಿ. ನನ್ನ ಚಾಪೆಯ ಮೇಲೆ ಕೂರುವವರು ಎರಡೂ ಲೆಕ್ಕದಲ್ಲಿ ಸಣ್ಣವರು. ಮೊದಲ ಮಾತನ್ನು ಕಲಿಸಲು ಇಡೀ ಶಾಲೆ ಇದೆ. ಎರಡನೆಯದಕ್ಕೆ ವಾರಕ್ಕೆ ಅರ್ಧ ಗಂಟೆ ಕೇಳುತ್ತಿದ್ದೇನೆ, ಅಷ್ಟೇ.

ಶುರುಮಾಡುವವರಿಗೆ ಎಡವಿ ಕಲಿತ ಕೆಲವು ಮಾತು. ಪೆಟ್ಟಿಗೆ ಕೊಳ್ಳಬೇಡಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪೆಟ್ಟಿಗೆ 12 ವರ್ಷ ದಾಟಿದವರಿಗೆ. ನಾಲ್ಕು ಬೀಜ ಸಾಕು. ಐದು ಮಕ್ಕಳಿಗಿಂತ ಹೆಚ್ಚು ಬೇಡ, ತಮ್ಮ ಸರದಿಗೆ ಕಾಯುವಷ್ಟರಲ್ಲಿ ಓಡಿಹೋಗುತ್ತಾರೆ. ಅರ್ಧ ಗಂಟೆ ದಾಟಿಸಬೇಡಿ. ಬೀಜ ಕಪ್ಪು ಬಿದ್ದರೆ ಕತೆ ನಿಲ್ಲಬಾರದು, ತಿರುಗಬೇಕು: ಹಗ್ಗ ಹರಿಯಿತು, ಆದರೆ ಕರು ನಿನ್ನ ದನಿ ಗುರುತಿಸಿತು. ಯಾವ ಮಗುವಾದರೂ “ಸಾಕು” ಅಂದರೆ ಆ ಕ್ಷಣಕ್ಕೆ ಸಾಕು, ಯಾಕೆಂದು ಕೇಳಬಾರದು. ಎಲ್ಲಕ್ಕಿಂತ ಮುಖ್ಯ, ಕತೆಯ ಕೊನೆ ನಿಮಗೆ ಗೊತ್ತಿರಬಾರದು. ಈ ಆಟದಲ್ಲಿ ಅಪಾಯ ಅಂತ ಒಂದಿದ್ದರೆ ಅದು ದಾಳವಲ್ಲ, ಕತೆ ನಡೆಸುವ ದೊಡ್ಡವರು.

ಜೂಜು ಅಂದಿದ್ದ ಆ ತಂದೆ ಎರಡು ವಾರದ ಹಿಂದೆ ಶಾಲೆಗೆ ಬಂದರು. ಮಗಳನ್ನು ಕರೆದೊಯ್ಯಲು ಬಂದವರು ಬೈಕ್ ಆಫ್ ಮಾಡಿ ಮರದ ಹತ್ತಿರ ನಿಂತರು. ಅವತ್ತು ಕತೆ ನಡೆಸುತ್ತಿದ್ದವಳು ಅವರ ಮಗಳೇ. ಅಪ್ಪನನ್ನು ನೋಡಿ, “ಅಪ್ಪಾ, ನೀನೂ ಕೂತ್ಕ. ಕತ್ಲಾಗೈತೆ, ಕರು ಇನ್ನೂ ಮನೆಗೆ ಬಂದಿಲ್ಲ. ನೀನೇನು ಮಾಡ್ತೀಯ?” ಅಂದಳು.

ಅವರು ಮಗಳನ್ನು ನೋಡಿದರು. ಬೀಜಗಳನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.